ತಲೆಯ ಮೇಲಿದ್ದ ಸಿಂಬೆ

ನನಗೆ ಸನ್ಮಾನ ಮಾಡ್ತಾರೆ ಅಂತ ಹೇಳಲಿಕ್ಕೆ ಪಂಚಾಯತಿನವರು ಮನೆಗೆ ಬಂದಾಗ ನಾನು ಅಂಗಳದಲ್ಲಿ ಕೂತು ಮಾರಿ ಉಳಿದ ಬಂಗುಡೆಗೆ ಉಪ್ಪು ಹಾಕ್ತಾ ಇದ್ದೆ. ಒಂದು ಶಾಲು, ಒಂದು ಹಣ್ಣಿನ ತಟ್ಟೆ, ಒಂದು ಫಲಕ. ಹೈವೇಯಲ್ಲಿ ಬಿದ್ದ ಹುಡುಗನ ಹತ್ತಿರ ಕೊನೇ ಉಸಿರಿನ ತನಕ ಇದ್ದವಳು ರಾಜೀವಿ, ಅದಕ್ಕೆ ಅಂತೆ. ಆದಿತ್ಯವಾರ ಬೆಳಿಗ್ಗೆ ಸಭಾಭವನದಲ್ಲಿ ಪ್ರಥಮ ಚಿಕಿತ್ಸೆ ಕಲಿಸುವ ಕಾರ್ಯಕ್ರಮ, ಅದರ ಕೊನೆಗೆ ನನ್ನ ಸನ್ಮಾನ. ಶಾಲು ಹೊದೆಸುವವಳು ಆ ಹುಡುಗನ ತಾಯಿ. ನನ್ನ ಗಿರಿಜಾ.

"ನಂಗೆ ಸನ್ಮಾನವೂ ಬ್ಯಾಡ, ಎಂತದೂ ಬ್ಯಾಡ. ನೀವ್ ಹೋಯ್ ಬನ್ನಿ" ಅಂದೆ.

ಅವರು ನಕ್ಕರು. "ರಾಜೀವಕ್ಕಂಗೆ ನಾಚ್ಕೆ ಮರ್ರೆ" ಅಂದರು.

ನಾಚಿಕೆಯಂತೆ, ನನಗೆ! ನಾಚಿಕೆ ಇದ್ದವಳು ಮೂವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರ್ತಾಳಾ? ಉಪ್ಪುಂದದಿಂದ ಬೈಂದೂರಿನ ತನಕ ನನ್ನ ಬಾಯಿ ಕೇಳದ ಓಣಿ ಇಲ್ಲ. ಆದರೆ ಆ ದಿನ ಆ ಬಾಯಿಯಿಂದ ಹೊರಟ ಒಂದು ಮಾತು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು, ಇನ್ನೊಬ್ಬರು ರಿಕ್ಷಾದ ದುಗ್ಗಪ್ಪಣ್ಣ. ಗಿರಿಜನಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಳುವುದೋ, ಬಿಡುವುದೋ ಅಂತ ಒಂದು ತಿಂಗಳಿಂದ ನನಗೆ ಅನ್ನ ಇಳಿದಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕ್ರಮ ಉಂಟು. ಮೀನು ತುಂಬಿದ ಬುಟ್ಟಿಯನ್ನು ಯಾವ ಹೆಂಗಸೂ ಒಬ್ಬಳೇ ತಲೆಗೆ ಏರಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಹಳೇ ಸೀರೆಯ ತುಂಡನ್ನು ಹುರಿ ಮಾಡಿ, ಬಳೆಯ ಹಾಗೆ ಸುತ್ತಿ ತಲೆ ಮೇಲೆ ಇಟ್ಟುಕೊಳ್ತೇವೆ, ಅದು ಸಿಂಬೆ. ಅದರ ಮೇಲೆ ಬುಟ್ಟಿ ಕೂರಬೇಕಾದ್ರೆ ಇನ್ನೊಬ್ಬರ ಎರಡು ಕೈ ಬೇಕೇ ಬೇಕು. ಕೈ ಎತ್ತಿ "ಹ್ವಾಯ್, ಒಂದ್ ಕೈ ಹಾಕಿ" ಅಂದ್ರೆ ಸಾಕು, ಹತ್ತಿರ ಯಾರಿದ್ದರೂ ಬಂದು ಎತ್ತಿಕೊಡಬೇಕು. ಬ್ಯಾಂಕಿನ ಮ್ಯಾನೇಜರೂ ಎತ್ತಿಕೊಟ್ಟಿದ್ದಾರೆ, ಭಟ್ಟರ ಮನೆಯ ಮದುಮಗನೂ ಎತ್ತಿಕೊಟ್ಟಿದ್ದಾನೆ. ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ವಾಸನೆ ಅಂತ ಮೂಗು ಮುಚ್ಚಿ ಹಿಂದೆ ಸರಿದವರನ್ನು ನಾನು ಬಿಟ್ಟದ್ದೇ ಇಲ್ಲ, ಅವರ ಏಳು ತಲೆಮಾರನ್ನು ತೊಳೆದು ಒಣಗಿಸಿದ್ದೇನೆ.

ನಾನು ಮತ್ತು ಗಿರಿಜಾ ಒಂದೇ ವರ್ಷದಲ್ಲಿ ಮದುವೆಯಾಗಿ ಈ ಊರಿಗೆ ಸೊಸೆಯಾಗಿ ಬಂದವರು. ಬೆಳಿಗ್ಗೆ ದಕ್ಕೆಯಲ್ಲಿ ದೋಣಿ ಬಂದ ಕೂಡಲೇ ಒಟ್ಟಿಗೆ ಮೀನು ಕೊಂಡುಕೊಳ್ಳುವುದು, ಅರ್ಧ ಅರ್ಧ ಮಾಡುವುದು, ಅವಳು ಬೈಂದೂರು ಕಡೆ, ನಾನು ಹೈವೇ ಕಡೆ. ಮೊದಲು ಅವಳ ಬುಟ್ಟಿಯನ್ನು ನಾನು ಎತ್ತಿಕೊಡುವುದು. ನನ್ನದನ್ನು ಅವಳ ಮಗ ಸುಜಿತ್ ಎತ್ತಿಕೊಡುವುದು. ಅವನು ಅಲ್ಲೇ ದಕ್ಕೆಯಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡ್ತಿದ್ದ. ಇಪ್ಪತ್ತನಾಲ್ಕು ವರ್ಷ. ಕೈಯೆಲ್ಲ ಆಯಿಲ್. "ಚಿಕ್ಕಿ, ಬುಟ್ಟಿ ಭಾರವಾ, ನಿಮ್ಮ ಬಾಯಿ ಭಾರವಾ?" ಅಂತ ದಿನಾ ಅದೇ ಒಂದು ತಮಾಷೆ. ನಾನು ದಿನಾ ಬೈಯುವುದು. ಬೈಗುಳ ಕೇಳದಿದ್ದರೆ ಅವನಿಗೆ ಬೆಳಗಾಗುತ್ತಿರಲಿಲ್ಲ.

ಈಗ ನನ್ನ ಗಂಡ ಸೋಮನ ಕತೆ ಹೇಳಬೇಕು. ಅದನ್ನು ಹೇಳದಿದ್ದರೆ ನಾನು ರಾಕ್ಷಸಿ ಅಂತ ನಿಮಗೆ ಅನ್ನಿಸ್ತದೆ. ಹೇಳಿದ ಮೇಲೂ ಅನ್ನಿಸಿದರೆ ಅನ್ನಿಸಲಿ.

ಸೋಮನದ್ದು ಮೀನಿನ ಟೆಂಪೋ. ಹದಿನೈದು ವರ್ಷದ ಹಿಂದೆ ಒಂದು ಸಂಜೆ, ಯಾವುದೋ ಲಾರಿ ಗುದ್ದಿ ಹೋದ ಒಬ್ಬ ಸೈಕಲಿನವನನ್ನು ಎತ್ತಿ ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಆಸ್ಪತ್ರೆಯವರು ಬಿಡಲಿಲ್ಲ. "ಪೊಲೀಸರು ಬರಲಿ, ಅಲ್ಲಿ ತನಕ ಕೂತ್ಕೊ" ಅಂದರು. ಪೊಲೀಸರು ಬಂದರು. ಟೆಂಪೋದಲ್ಲಿ ರಕ್ತ ಇತ್ತಲ್ಲ, ಗುದ್ದಿದವನು ಇವನೇ ಅಂತ ಬರೆದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ! ಸೈಕಲಿನವನು ಬದುಕಲಿಲ್ಲ, ನಿಜ ಹೇಳಲಿಕ್ಕೆ ಯಾರೂ ಇರಲಿಲ್ಲ. ಆರು ವರ್ಷ ಕುಂದಾಪುರದ ಕೋರ್ಟಿಗೆ ಅಲೆದ. ಟೆಂಪೋ ಠಾಣೆಯ ಹಿಂದೆ ನಿಂತು ತುಕ್ಕು ಹಿಡಿದು, ಅದರೊಳಗೆ ಕೆಸುವಿನ ಗಿಡ ಹುಟ್ಟಿತು. ಕೊನೆಗೆ ತಪ್ಪಿಲ್ಲ ಅಂತ ಬಿಟ್ಟರು. ಬಿಟ್ಟ ಎರಡೇ ತಿಂಗಳಿಗೆ ಎದೆ ನೋವು ಬಂದು ನನ್ನ ಮಡಿಲಲ್ಲೇ ಹೋದ. ಹೋಗುವ ಮೊದಲು ಹೇಳಿದ್ದು ಒಂದೇ ಮಾತು: "ರಸ್ತೆ ಮೇಲೆ ಬಿದ್ದವ್ರನ್ನ ಮುಟ್ಟೂಕಾಗ ರಾಜೀವಿ. ಯಾರನ್ನೂ ಮುಟ್ಟೂಕಾಗ."

ಮುಟ್ಟಬಾರದು ಅನ್ನುವ ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡೆ. ಊರಿಗೆಲ್ಲ ಹಂಚಿದೆ. ಎಲ್ಲಿ ಆಕ್ಸಿಡೆಂಟಿನ ಸುದ್ದಿ ಬಂದರೂ "ದೂರ ನಿಲ್ಲಿ, ಪುಣ್ಯ ಮಾಡೂಕೆ ಹೋಯಿ ಸಾಯ್ಬೇಡಿ" ಅಂತ ಹೇಳುವವಳು ನಾನೇ. ಗಿರಿಜನಿಗೂ ಹೇಳಿದ್ದೆ. ಸುಜಿತನಿಗೂ ಹೇಳಿದ್ದೆ.

ಆಗಸ್ಟ್ ತಿಂಗಳು. ಮಳೆ ಹನಿ ಕಡಿಯದೆ ಬೀಳ್ತಿತ್ತು. ಆ ದಿನ ಸುಜಿತ್ ದಕ್ಕೆಗೆ ಬಂದಿರಲಿಲ್ಲ, ನನ್ನ ಬುಟ್ಟಿಯನ್ನು ಯಾರೋ ದೋಣಿಯವರು ಎತ್ತಿಕೊಟ್ಟರು. ಹತ್ತೂವರೆ ಆಗಿರಬೇಕು, ಹೈವೇಯ ಡಿವೈಡರ್ ಬಿಟ್ಟಲ್ಲಿ, ಕುಸುಮನ ಚಾದಂಗಡಿ ಎದುರು ನಾನು ರಸ್ತೆ ದಾಟಲಿಕ್ಕೆ ನಿಂತಿದ್ದೆ. ಒಂದು ಬೈಕು ತಿರುಗಿತು. ಹಿಂದಿನಿಂದ ಒಂದು ಲಾರಿ ಬಂದು ತಾಗಿಸಿ, ನಿಲ್ಲಿಸದೆ ಹೋಯಿತು. ಬೈಕಿನವನು ಉರುಳಿ ರಸ್ತೆ ಬದಿಗೆ ಬಂದು ಬಿದ್ದ. ಮೈಮೇಲೆ ನೀಲಿ ರೈನ್‌ಕೋಟು, ತಲೆಗೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ತೊಡೆಯ ಹತ್ತಿರ ಕೋಟು ಹರಿದು ರಕ್ತ ಬುಳುಬುಳು ಬರ್ತಿತ್ತು, ಮಳೆ ನೀರಿನ ಜೊತೆ ಚರಂಡಿಗೆ ಹೋಗ್ತಿತ್ತು.

ದುಗ್ಗಪ್ಪಣ್ಣ ರಿಕ್ಷಾದಿಂದ ಹಾರಿ ಓಡಿ ಬಂದರು. "ಎತ್ತುವ ಮರ್ರೆ, ಹತ್ತ್ ನಿಮಿಷದಂಗೆ ಬೈಂದೂರ್ ಆಸ್ಪತ್ರೆ" ಅಂತ ಬಗ್ಗಿದರು. ಅವರ ಕೈ ಅವನ ಕಂಕುಳಿಗೆ ಹೋಗಿ ಆಗಿತ್ತು.

ನಾನು ಬುಟ್ಟಿಯನ್ನು ಕುಸುಮನ ಜಗಲಿಗೆ ಇಳಿಸಿ ಕೂಗಿದೆ. "ಹ್ವಾಯ್ ದುಗ್ಗಪ್ಪಣ್ಣ, ಮುಟ್ಬೇಡಿ! ನಿಮ್ಗೆ ಹೆಂಡ್ತಿ ಮಕ್ಕಳಿಲ್ಯಾ? ರಿಕ್ಷಾದಂಗೆ ರಕ್ತ ಕಂಡ್ರೆ ನೀವೇ ಗುದ್ದಿದ್ ಅಂಬ್ರ್. ನನ್ ಗಂಡನ ಕತೆ ಮರ್ತ್ ಹೋಯ್ತಾ? ಪೊಲೀಸ್ರ್ ಬರ್ಲಿ, ಆಂಬುಲೆನ್ಸ್ ಬರ್ಲಿ!"

ನನ್ನ ಬಾಯಿ ಗೊತ್ತುಂಟಲ್ಲ. ದುಗ್ಗಪ್ಪಣ್ಣ ಕೈ ತೆಗೆದರು. ಮಳೆಯ ಸದ್ದಿಗೆ ಒಳಗಿದ್ದ ಕುಸುಮನಿಗೂ ನನ್ನ ಕೂಗು ಕೇಳಲಿಲ್ಲ; ಆಮೇಲೆ ಓಡಿ ಬಂದವರೆಲ್ಲ ನಮ್ಮನ್ನು ನೋಡಿ ಒಂದು ಮಾರು ಹಿಂದೆಯೇ ನಿಂತರು. ಇಬ್ಬರು ಮೊಬೈಲು ಎತ್ತಿ ವಿಡಿಯೋ ಮಾಡಿದರು. 108ಕ್ಕೆ ಯಾರೋ ಮಾಡಿರಬೇಕು ಅಂತ ಎಲ್ಲರೂ ಅಂದುಕೊಂಡರು, ಯಾರೂ ಮಾಡಿರಲಿಲ್ಲ. ಕಡೆಗೆ ಕುಸುಮನೇ ಒಲೆ ಆರಿಸಿ ಬಂದು ಫೋನು ಮಾಡಿದ್ದು. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷದಲ್ಲಿ ಅವನು ಎರಡು ಸಲ ಕೈ ಎತ್ತಿದ. ನಾವು ಬುಟ್ಟಿ ಎತ್ತಲಿಕ್ಕೆ ಜನ ಕರೆಯುವಾಗ ಎತ್ತುತ್ತೇವಲ್ಲ, ಹಾಗೆಯೇ. ಗ್ಲೌಸು ಹಾಕಿದ್ದ ಕೈ. ಮೊದಲನೇ ಸಲ ಸ್ವಲ್ಪ ಹೊತ್ತು ಮೇಲೆ ನಿಂತಿತು. ಎರಡನೇ ಸಲ ಮೊಣಕೈಯಿಂದ ಮೇಲೆ ಬರಲಿಲ್ಲ. ನಾನು ನೋಡಿದೆ. ನೋಡಿ ಮುಖ ತಿರುಗಿಸಿದೆ.

ಆಂಬುಲೆನ್ಸಿನವರು ಬಂದು ಮೆಲ್ಲಗೆ ಹೆಲ್ಮೆಟ್ ತೆಗೆದರು. ಸುಜಿತ್.

ಅವನ ಬೈಕು ಗ್ಯಾರೇಜಿನಲ್ಲಿತ್ತಂತೆ, ಸ್ನೇಹಿತ ಮಿಥುನ್‌ನ ಬೈಕು, ಮಿಥುನ್‌ನದೇ ರೈನ್‌ಕೋಟು. ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಹಾರಿ ಬೀಳ್ತಿದ್ದೆ. ಹಾಗಾದ್ರೆ ಬೇರೆಯವರ ಮಗ ಆಗಿದ್ದರೆ ಸಾಯಬಹುದಿತ್ತಾ ಅಂತ ನೀವು ಕೇಳ್ತೀರಿ. ಕೇಳಿ. ನಾನೂ ದಿನಾ ಕೇಳ್ತೇನೆ.

ನಾನು ಕೂಗಿಕೊಂಡು ಆಂಬುಲೆನ್ಸಿಗೆ ಹತ್ತಿದೆ. ಇಷ್ಟು ರಕ್ತ ಹೋದ ಮೇಲೆ ಬೈಂದೂರಿನಲ್ಲಿ ಆಗುವುದಿಲ್ಲ ಅಂತ ನೇರ ಕುಂದಾಪುರಕ್ಕೆ ಓಡಿಸಿದರು. ಒಳಗಿದ್ದವರು ಅವನ ಗಾಯ ಒತ್ತಿ ಹಿಡಿದಿದ್ದರು. ನಾನು ಅವನ ತಲೆಯನ್ನು ಹಿಡಿದುಕೊಂಡೆ. "ಮಗಾ, ಚಿಕ್ಕಿ ಬಂದಿದ್ಲ್ ಕಾಣ್, ಕಣ್ಣ್ ಬಿಡ್" ಅಂದೆ. ಕಣ್ಣು ಬಿಡಲಿಲ್ಲ. ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹೊಳೆ ಕಾಣುವ ಹೊತ್ತಿಗೆ ಅವನ ಕೈ ತಣ್ಣಗಾಗಿತ್ತು. ಕುಂದಾಪುರದಲ್ಲಿ ಡಾಕ್ಟರು ಹೇಳಿದರು, ತಲೆಗೆ ಪೆಟ್ಟಿಲ್ಲ, ಹೊಟ್ಟೆಗೆ ಪೆಟ್ಟಿಲ್ಲ, ರಕ್ತ ಹೋಗಿಯೇ ಸತ್ತದ್ದು ಅಂತ.

ಗಿರಿಜಾ ಬಸ್ಸಿನಲ್ಲಿ ಬಂದಳು, ತಲೆಯಲ್ಲಿ ಸಿಂಬೆ ಹಾಗೆಯೇ ಇತ್ತು. ನನ್ನ ಸೀರೆ ತುಂಬ ಅವಳ ಮಗನ ರಕ್ತ. ಅದನ್ನು ನೋಡಿದಳು, ನನ್ನನ್ನು ಅಪ್ಪಿ ಹಿಡಿದಳು. "ನೀ ಇದ್ಯಲ್ಲೇ ರಾಜೀವಿ. ನನ್ ಮಗ ಬೀದಿ ಹೆಣ ಆಯ್ಲಿಲ್ಲ. ನೀ ಇದ್ಯಲ್ಲೇ" ಅಂತ ಎದೆ ಬಡಿದುಕೊಂಡು ಅತ್ತಳು.

ಆಗ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಊರಿಗೆಲ್ಲ ಬಾಯಿ ಮಾಡುವವಳಿಗೆ ಅಲ್ಲಿ ಬಾಯಿ ಬರಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಕಳೆಯಿತು. ಬಂದವರಿಗೆಲ್ಲ ಗಿರಿಜಾ ಅದನ್ನೇ ಹೇಳಿದಳು: ರಾಜೀವಿ ಇದ್ದಳು, ರಾಜೀವಿ ಮಡಿಲಲ್ಲಿ ಹೋದ. ಅನ್ನ ಬಿಟ್ಟವಳು ಆ ಒಂದು ಮಾತು ಹೇಳಿದ ಮೇಲೆ ಮಾತ್ರ ಒಂದು ತುತ್ತು ನುಂಗ್ತಿದ್ದಳು. ನಾನು ದುಗ್ಗಪ್ಪಣ್ಣನ ಹತ್ತಿರ ಹೋಗಿ ಕೇಳಿದೆ, ಹೇಳಿ ಬಿಡಲಾ ಅಂತ. ಅವರು ರಿಕ್ಷಾದ ಹ್ಯಾಂಡಲ್ ಹಿಡಿದು ನೆಲ ನೋಡಿದರು. "ಬ್ಯಾಡ ರಾಜೀವಕ್ಕ. ಆ ಹೆಂಗ್ಸಿಗೆ ಅಷ್ಟಾರೂ ಸಮಾಧಾನ ಇರ್ಲಿ. ನೀವ್ ಹೇಳಿದ್ರಿ ಅಂದೇಳಿ ನಾ ಕೈ ತೆಗ್ದೆ. ನಂಗೂ ಬುದ್ಧಿ ಇರ್ಲಿಲ್ಯಾ?" ಅಂದರು.

ಹೀಗಿರುವಾಗ ಆ ಸನ್ಮಾನ.

ಆದಿತ್ಯವಾರ ನಾನು ಹೋಗುವುದಿಲ್ಲ ಅಂತಲೇ ಇದ್ದೆ. ಗಿರಿಜನೇ ಮನೆಗೆ ಬಂದು ಕರೆದುಕೊಂಡು ಹೋದಳು. ಎದುರಿನ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾನು ಕೂತಳು. ಹಿಂದೆ ದುಗ್ಗಪ್ಪಣ್ಣ, ಕುಸುಮ, ಇಡೀ ಊರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲಿಕ್ಕೆ ಬಂದ ಜನ.

ಕಲಿಸಲಿಕ್ಕೆ ಬಂದವಳು ಸೌಮ್ಯಶ್ರೀ ಅಂತ ಒಬ್ಬ ನರ್ಸು. ಚೂಟಿ ಹುಡುಗಿ. ಒಂದು ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದ್ದಳು. "ಮೊದಲು 108ಕ್ಕೆ ಫೋನು ಮಾಡಿ. ಯಾರೋ ಮಾಡಿರ್ತಾರೆ ಅಂತ ಬಿಡಬೇಡಿ. ರಕ್ತ ಜೋರು ಹೋಗ್ತಿದ್ರೆ ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿ ಒತ್ತಿ ಹಿಡಿಯಿರಿ. ತೆಗೆದು ತೆಗೆದು ನೋಡಬೇಡಿ. ಆಂಬುಲೆನ್ಸ್ ಬರುವ ತನಕ ಕೈ ಬಿಡಬೇಡಿ" ಅಂದಳು. ಯಾವ ಬಟ್ಟೆ ಅಂತ ಯಾರೋ ಕೇಳಿದರು. ಅವಳು ನನ್ನನ್ನು ನೋಡಿ ನಕ್ಕಳು. "ಹೆಗಲ ಮೇಲಿನ ಬೈರಾಸು, ಟವೆಲು, ಶಾಲು, ಎಂತದೂ ಆಗ್ತದೆ. ರಾಜೀವಕ್ಕನ ತಲೆ ಮೇಲೆ ಸಿಂಬೆ ಇರ್ತದಲ್ಲ, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಗಟ್ಟಿ ಸುತ್ತಿದ ಬಟ್ಟೆ. ಇಟ್ಟು ಒತ್ತಿದ್ರೆ ಆಯ್ತು."

ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು. ಆ ದಿನ ಬುಟ್ಟಿ ಜಗಲಿಯಲ್ಲಿತ್ತು, ಸಿಂಬೆ ತಲೆ ಮೇಲಿತ್ತು. ಇಪ್ಪತ್ತು ನಿಮಿಷವೂ ನನ್ನ ತಲೆ ಮೇಲೆಯೇ ಇತ್ತು.

ಆಮೇಲೆ ಅವಳು ಕಾನೂನಿನ ವಿಷಯ ಹೇಳಿದಳು. ಗಾಯ ಆದವರಿಗೆ ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಹೆಸರು, ಫೋನ್ ನಂಬರು ಹೇಳು ಅಂತ ಒತ್ತಾಯ ಮಾಡುವ ಹಾಗಿಲ್ಲ. ಆಸ್ಪತ್ರೆಯವರು ಹಿಡಿದು ಕೂರಿಸುವ ಹಾಗಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಬಿಟ್ಟು ಮನೆಗೆ ಹೋಗಬಹುದು.

ನಾನು ಎದ್ದು ನಿಂತೆ. "ಈ ಕಾನೂನ್ ಯಾವಾಗ ಬಂತ್?"

"ತುಂಬ ವರ್ಷ ಆಯ್ತು ಅಕ್ಕ."

"ತುಂಬ ವರ್ಷ!" ನನಗೆ ಮೈಯೆಲ್ಲ ಉರಿಯಿತು. ವೇದಿಕೆಯ ಮೇಲೆ ಕೂತಿದ್ದವರ ಕಡೆ ತಿರುಗಿದೆ. "ಓಟಿಗೆ ಮೈಕ್ ಕಟ್ಕಂಡ್ ಕೇರಿ ಕೇರಿ ಕೂಗ್ತ್ರಿ. ಇದನ್ನ ಎಂತಕ್ಕೆ ಒಂದಿನ ಕೂಗ್ಲಿಲ್ಲ? ದಕ್ಕೆಗೆ ಬಂದ್ ಎಂತಕ್ಕೆ ಹೇಳ್ಲಿಲ್ಲ?"

ಎಲ್ಲರೂ ಚಪ್ಪಾಳೆ ಹೊಡೆದರು. ಒಳ್ಳೇ ಭಾಷಣ ಅಂತ ತಿಳಿದುಕೊಂಡರು, ಅಯ್ಯೋ ದೇವರೇ.

ಆ ಚಪ್ಪಾಳೆಯಲ್ಲೇ ನನ್ನನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಗಿರಿಜನ ಕೈಗೆ ಶಾಲು ಕೊಟ್ಟು ಎರಡು ಮಾತು ಹೇಳಿ ಅಂತ ಮೈಕು ಹಿಡಿದರು. ಮೈಕಿನ ಎದುರು ಯಾವತ್ತೂ ನಿಂತವಳಲ್ಲ. "ನನ್ ಮಗ ಒಬ್ನೇ ಸಾಯ್ಲಿಲ್ಲ. ನಾ ಇಲ್ದಿರೂ ರಾಜೀವಿ ಇದ್ಲ್. ನಂಗೆ ಅಷ್ಟ್ ಸಾಕ್" ಅಂದಳು. ಶಾಲು ಬಿಡಿಸಿ ನನ್ನ ಹೆಗಲಿಗೆ ತಂದಳು.

ನಾನು ಶಾಲಿನ ಸೆರಗು ಹಿಡಿದೆ. "ಹೊದೆಸ್ಬ್ಯಾಡ ಗಿರಿಜಾ. ನಾ ಅವನನ್ನ ಮುಟ್ಲಿಲ್ಲ."

ಮೈಕು ಚಾಲೂ ಇತ್ತು. ನನ್ನ ಮಾತು ಇಡೀ ಸಭೆಗೆ ಕೇಳಿತು.

"ದುಗ್ಗಪ್ಪಣ್ಣ ಎತ್ತೂಕೆ ಬಗ್ಗಿದ್ರ್. ನಾನೇ ಕೂಗ್ದೆ, ಮುಟ್ಬೇಡಿ ಅಂದೇಳಿ. ನಂಗೆ ಅವ ಸುಜಿತ್ ಅಂದೇಳಿ ಗೊತ್ತಾಯ್ಲಿಲ್ಲ. ಆಂಬುಲೆನ್ಸ್ ಬಪ್ಪಲ್ಲಿವರೆಗೆ ಯಾರೂ ಮುಟ್ಲಿಲ್ಲ. ನಾ ಮುಟ್ಟೂಕೆ ಬಿಡ್ಲಿಲ್ಲ."

ಹಿಂದೆ ದುಗ್ಗಪ್ಪಣ್ಣ ಎದ್ದು ನಿಂತರು. ಏನೋ ಹೇಳಲಿಕ್ಕೆ ಹೋಗಿ, ಬೈರಾಸನ್ನು ಬಾಯಿಗೆ ಒತ್ತಿ ಹೊರಗೆ ಹೋದರು. ಗಿರಿಜಾ ನನ್ನನ್ನೇ ನೋಡ್ತಾ ನಿಂತಿದ್ದಳು.

"ಎಷ್ಟೊತ್ತ್?" ಅಂತ ಕೇಳಿದಳು.

"ಇಪ್ಪತ್ ನಿಮಿಷ."

"ಮಾತಾಡ್ದ್ನಾ?"

"ಇಲ್ಲ." ಮುಚ್ಚಿಡಲಿಕ್ಕೆ ಇನ್ನು ನನ್ನಲ್ಲಿ ಶಕ್ತಿ ಇರಲಿಲ್ಲ. "ಕೈ ಎತ್ತ್ದ. ಎರಡ್ ಸಲ."

ಅವಳು ಅಳಲಿಲ್ಲ. ಬೈದರೆ ಬದುಕ್ತಿದ್ದೆ, ಕೆನ್ನೆಗೆ ಹೊಡೆದರೆ ಕಾಲು ಹಿಡಿದುಕೊಳ್ತಿದ್ದೆ. ಬಿಡಿಸಿದ ಶಾಲನ್ನು ಮಡಿಕೆ ಮೇಲೆ ಮಡಿಕೆ ಹಾಕಿ, ಮೂಲೆಗೆ ಮೂಲೆ ಸೇರಿಸಿ, ಹಣ್ಣಿನ ತಟ್ಟೆಯ ಮೇಲೆ ಇಟ್ಟಳು. ಮೆಟ್ಟಿಲಿಳಿದು ಒಬ್ಬಳೇ ನಡೆದು ಹೋದಳು.

ಹನ್ನೊಂದು ದಿನ ಗಿರಿಜಾ ದಕ್ಕೆಗೆ ಬರಲಿಲ್ಲ. ನಾನು ಎರಡು ಸಲ ಅವಳ ಬೇಲಿಯ ತನಕ ಹೋಗಿ, ಒಳಗೆ ಕಾಲಿಡಲಿಕ್ಕೆ ಆಗದೆ ಹಿಂದೆ ಬಂದೆ. ಇನ್ನು ಅವಳು ಬರುವುದೇ ಇಲ್ಲ ಅಂದುಕೊಂಡೆ. ಹನ್ನೆರಡನೇ ದಿನ ಬಂದಳು. ಬಂದವಳು ನನ್ನ ಪಕ್ಕದಲ್ಲೇ ಕೂತಳು. ಮೊದಲಿನ ಹಾಗೆಯೇ ಮೀನು ಕೊಂಡಳು, ಅರ್ಧ ನನ್ನ ಬುಟ್ಟಿಗೆ, ಅರ್ಧ ತನ್ನ ಬುಟ್ಟಿಗೆ ಹಾಕಿದಳು. ನನಗೆ ಜೀವ ಬಂದ ಹಾಗಾಯಿತು. ಎದ್ದು, ಮೂವತ್ತು ವರ್ಷದ ಅಭ್ಯಾಸ, ಅವಳ ಬುಟ್ಟಿಗೆ ಕೈ ಹಾಕಲಿಕ್ಕೆ ಬಗ್ಗಿದೆ.

"ನೀ ಮುಟ್ಬೇಡ" ಅಂದಳು.

ದನಿ ಏರಿಸಲಿಲ್ಲ. ಉಪ್ಪು ಸಾಕಾ ಅಂತ ಕೇಳುವ ಹಾಗೆ ಅಂದಳು. ಆಮೇಲೆ ನನ್ನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, "ಬಗ್ಗ್" ಅಂದಳು. ನಾನು ಬಗ್ಗಿದೆ. ಬುಟ್ಟಿಯನ್ನು ನನ್ನ ಸಿಂಬೆಯ ಮೇಲೆ ಸರಿಯಾಗಿ ಕೂರಿಸಿ, ಒಮ್ಮೆ ಅಲ್ಲಾಡಿಸಿ ನೋಡಿ, ಕೈ ಬಿಟ್ಟಳು.

ಈಗ ನನ್ನ ತಲೆ ಮೇಲೆ ಭಾರ, ಎರಡೂ ಕೈ ಬುಟ್ಟಿಯ ಅಂಚಿನಲ್ಲಿ. ಇನ್ನು ನನ್ನಿಂದ ಯಾರಿಗೂ ಏನೂ ಮಾಡಲಿಕ್ಕೆ ಆಗುವುದಿಲ್ಲ. ಅವಳು ಸಿಂಬೆ ತಲೆಗಿಟ್ಟುಕೊಂಡು, ತನ್ನ ಬುಟ್ಟಿಯ ಪಕ್ಕ ನಿಂತು, ಕೈ ಎತ್ತಿದಳು. "ಹ್ವಾಯ್, ಒಂದ್ ಕೈ ಹಾಕಿ" ಅಂತ ಕೂಗಲಿಲ್ಲ. ಸುಮ್ಮನೆ ಕೈ ಎತ್ತಿದಳು, ನನ್ನ ಮುಖ ನೋಡಿಕೊಂಡು.

ಐಸ್ ಲಾರಿಯ ಡ್ರೈವರ್ ಒಬ್ಬ ದೂರದಿಂದ ಕಂಡು ಓಡಿ ಬಂದು ಎತ್ತಿಕೊಟ್ಟ. ಅಲ್ಲಿಯವರೆಗೆ ಅವಳು ಕೈ ಇಳಿಸಲಿಲ್ಲ. ನಾನು ನೋಡ್ತಾ ನಿಂತಿದ್ದೆ. ಈಗ ದಿನಾ ಬೆಳಿಗ್ಗೆ ಹೀಗೆಯೇ.